ಮೂರನೇ ಮಹಡಿಯ ಗಾಳಿ

ಫೆಬ್ರವರಿ 3, ಸೋಮವಾರ

ಹೊಸ ಕಟ್ಟಡದ ಪರೀಕ್ಷೆ ಇವತ್ತು ಶುರುವಾಯಿತು. ಶ್ವಾಸಕೋಶ ಸೋತವರಿಗೆ ಮತ್ತೆ ನಡೆಯಲು, ಮೆಟ್ಟಿಲು ಹತ್ತಲು ಕಲಿಸುವ ಚಿಕಿತ್ಸಾ ಕೇಂದ್ರ, ನಾಲ್ಕು ಮಹಡಿ. ಗಾಳಿ ಬೆಳಕು ಸರಿಯಿದೆ, ಇದು ಹಸಿರು ಕಟ್ಟಡ ಎಂದು ನಮ್ಮ ಆಫೀಸು ಪ್ರಮಾಣಪತ್ರ ಕೊಡದೆ ಬಾಗಿಲು ತೆರೆಯುವಂತಿಲ್ಲವೆಂದು ಜಾಗ ಕೊಟ್ಟವರು ಷರತ್ತು ಹಾಕಿದ್ದಾರಂತೆ. ಉದ್ಘಾಟನೆ ಇಪ್ಪತ್ತನಾಲ್ಕಕ್ಕೆ. ನನಗಿರುವುದು ಮೂರೇ ವಾರ.

ಕೋಣೆಗಳ ಗಾಳಿಯನ್ನು ಬೇರೆಯವರು ಪರೀಕ್ಷಿಸುತ್ತಾರೆ. ಕೋಣೆಗೆ ಯಾವಾಗಲೂ ಮರ್ಯಾದೆ ಜಾಸ್ತಿ. ನನ್ನ ಪಾಲಿಗೆ ಬರುವುದು ಕಾರಿಡಾರು, ಹಜಾರ, ಮೆಟ್ಟಿಲ ಬುಡ. ನಮ್ಮ ನಿಯಮಪುಸ್ತಕ ಇವನ್ನು ‘ಹಾದುಹೋಗುವ ಜಾಗ’ ಎನ್ನುತ್ತದೆ. ಇಪ್ಪತ್ತಾರು ವರ್ಷದಿಂದ ಯಾರೂ ನಿಲ್ಲದ ಜಾಗಗಳಲ್ಲಿ ನಿಂತುಕೊಂಡೇ ಹೊಟ್ಟೆ ಹೊರೆದಿದ್ದೇನೆ.

ಆರ್ಕಿಟೆಕ್ಟ್ ಮಹಾಶಯ ಬಾಗಿಲಲ್ಲೇ ಎದುರಾದ. ಮೂವತ್ತೈದರ ಆಸುಪಾಸು. ಕಟ್ಟಡವನ್ನು ಹೆತ್ತ ಮಗುವಿನ ಹಾಗೆ ತೋರಿಸುತ್ತಾನೆ, ಅಳುತ್ತದೆಂದು ಮಾತ್ರ ಒಪ್ಪುವುದಿಲ್ಲ. ಮೂರನೇ ಮಹಡಿಯ ಕಾರಿಡಾರು ಮೂವತ್ತನಾಲ್ಕು ಮೀಟರ್ ಉದ್ದ. ಒಂದು ಬದಿಗೆ ಆರು ಕಿಟಕಿ, ಇನ್ನೊಂದು ಬದಿಗೆ ಕೋಣೆಗಳ ಬಾಗಿಲು. ಬಾಗಿಲುಗಳ ನಡುವೆ ಗೋಡೆಯಲ್ಲಿ ಒಂದು ದೊಡ್ಡ ಗಾಜು, ಅದರಾಚೆ ತಳದಿಂದ ಮಾಳಿಗೆಯವರೆಗೆ ಬೆಳಕು ಇಳಿಸುವ ಬಾವಿ. ನಿಯಮದ ಪ್ರಕಾರ ನೆಲದ ನೂರು ಪಾಲಿಗೆ ನಾಲ್ಕು ಪಾಲು ಕಿಟಕಿ ತೆರೆಯಬೇಕು. ಮಹಾಶಯ ಹತ್ತೂವರೆ ಎಂದು ಬರೆದಿದ್ದ. ಕಿಟಕಿಗಳು ಪಕ್ಕಕ್ಕೆ ಸರಿಯುವಂಥವು.

“ಒಂದು ಗಾಜು ಸರಿಸಿದ್ರೆ ಇನ್ನೊಂದರ ಮುಂದೆ ಹೋಗಿ ನಿಲ್ಲುತ್ತೆ. ಅರ್ಧ ಯಾವಾಗಲೂ ಮುಚ್ಚಿರುತ್ತೆ. ನೀವು ಎರಡೂ ಅರ್ಧ ಲೆಕ್ಕ ಹಿಡಿದಿದೀರಲ್ಲ?” ಅಂದೆ.

ಆತ ಕಿಟಕಿಯನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಮತ್ತೆ ಎಡಕ್ಕೆ ಸರಿಸಿದ. ಎಷ್ಟು ಸರಿಸಿದರೂ ಅರ್ಧ ಅರ್ಧವೇ. ಅರ್ಧವಾದರೂ ಐದಕ್ಕಿಂತ ಹೆಚ್ಚೇ ಬಂತು, ನಾಲ್ಕು ಸಾಕು, ಆದ್ದರಿಂದ ಪಾಸು. ಆದರೂ ಅವನ ಮುಖ ಸಣ್ಣಗಾದದ್ದು ನೋಡಿ ನನಗೆ ಖುಷಿಯಾಯಿತು. ಈ ಕೆಟ್ಟ ಗುಣ ನನಗೆ ಹುಟ್ಟಿನಿಂದಲೇ ಬಂದದ್ದು.

ಅಕ್ಕನ ಹೆಸರು ಈ ಕೇಂದ್ರದ ಮೊದಲ ಇಪ್ಪತ್ತು ರೋಗಿಗಳ ಪಟ್ಟಿಯಲ್ಲಿದೆ, ಹನ್ನೊಂದನೆಯದು. ಬೆಳಿಗ್ಗೆಯೇ ಆಫೀಸಿಗೆ ತಿಳಿಸಿದೆ. ಬೇರೆ ಯಾರಿಗೂ ಬಿಡುವಿಲ್ಲ, ನೀವೇ ಮುಗಿಸಿ ಅಂದರು.

ಫೆಬ್ರವರಿ 6, ಗುರುವಾರ

ಇವತ್ತು ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು ನೆಲಕ್ಕೆ ಕೆಂಪು ಟೇಪು ಅಂಟಿಸುತ್ತಿದ್ದಳು. ಬಣ್ಣದವಳಿರಬೇಕು ಅಂದುಕೊಂಡೆ. ಅಲ್ಲ, ಕೇಂದ್ರದ ಫಿಸಿಯೋ. ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು. ಟೇಪಿನಿಂದ ಟೇಪಿಗೆ ಸರಿಯಾಗಿ ಮೂವತ್ತು ಮೀಟರ್.

“ಇದು ಯಾಕೆ?”

“ಇವರ ಔಷಧಿ ಇದೇ ಮೇಡಂ. ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ಮೊದಲು ನೋಡ್ತೀವಿ. ಆಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.”

“ಇಪ್ಪತ್ತು ಜನಾನೂ?”

“ಇಪ್ಪತ್ತು ಜನಾನೂ.”

ನಾನು ಹೊಗೆಕಡ್ಡಿ ಹಚ್ಚಿದೆ. ಅದು ನನ್ನ ಉಪಕರಣ. ಪೆನ್ಸಿಲಿನಷ್ಟು ದಪ್ಪ, ತುದಿಯಿಂದ ಬಿಳಿ ಹೊಗೆ ಎಳೆಯಾಗಿ ಬರುತ್ತದೆ, ಗಾಳಿ ಎತ್ತ ಹೋಗುತ್ತದೋ ಎಳೆ ಅತ್ತ ಹೋಗುತ್ತದೆ. ಇದರಿಂದಾಗಿ ಕೆಲಸಗಾರರು ನನ್ನನ್ನು ‘ಹೊಗೆಯಮ್ಮ’ ಎನ್ನುತ್ತಾರೆ, ನನಗೆ ಕೇಳಿಸುವುದಿಲ್ಲವೆಂದು ಅವರ ನಂಬಿಕೆ. ಕಿಟಕಿಯ ಹತ್ತಿರ ಎಳೆ ಸ್ವಲ್ಪ ಅಲುಗಿತು. ಕಾರಿಡಾರಿನ ನಡುವೆ ಬಂದಾಗ ನೆಟ್ಟಗೆ ಮೇಲೆದ್ದು ಅಲ್ಲೇ ನಿಂತುಬಿಟ್ಟಿತು. ಕಿಟಕಿಗಳೆಲ್ಲ ಒಂದೇ ಬದಿಗೆ. ಗಾಳಿ ಒಳಗೆ ಬಂದರೆ ಹೊರಗೆ ಹೋಗಲು ದಾರಿ ಬೇಕು. ದಾರಿಯಿಲ್ಲದಿದ್ದರೆ ಅದು ಬರುವುದೂ ಇಲ್ಲ.

ಮೂರು ವರ್ಷದ ಹಿಂದಿನ ನಕ್ಷೆ ತೆಗೆಸಿ ನೋಡಿದೆ. ಈ ಕಾರಿಡಾರಿನ ಮೇಲೆ ‘ಹಾದುಹೋಗುವ ಜಾಗ’ ಎಂದು ಬರೆದಿದೆ, ಕೆಳಗೆ ಸಹಿ ನನ್ನದು. ನಮ್ಮ ಕಸುಬಿನವರಷ್ಟೇ ಮಾಡಬಹುದಾದ ತಪ್ಪು. ಕಾರಿಡಾರ್ ಕಂಡ ತಕ್ಷಣ ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಈ ಇಪ್ಪತ್ತು ಜನ ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರುತ್ತಾರೆ, ಏದುಸಿರು ಬಿಡುತ್ತ.

ಫೆಬ್ರವರಿ 9, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ, ಹತ್ತು ನಿಮಿಷ. ಹಾಗೇ ಇದ್ದಾಳೆ. ಕೂರು ಅಂದಳು, ಕೆಲಸವಿದೆ ಅಂದೆ. ಭಾನುವಾರ ಎಂಥ ಕೆಲಸ ಎಂದು ಅವಳು ಕೇಳಲಿಲ್ಲ.

ಫೆಬ್ರವರಿ 11, ಮಂಗಳವಾರ

ಊಹೆಯ ಮೇಲೆ ಏನೂ ಹೇಳಬಾರದೆಂದು ಇವತ್ತು ಪರೀಕ್ಷೆಯನ್ನೇ ಮಾಡಿಬಿಟ್ಟೆ. ಬಣ್ಣದವರು, ಟೈಲ್ಸಿನವರು, ವಯರಿಂಗಿನವರು ಸೇರಿ ಇಪ್ಪತ್ತು ಜನರನ್ನು ಮೇಸ್ತ್ರಿ ಒಟ್ಟು ಮಾಡಿಕೊಟ್ಟರು. ಅರವತ್ತು ದಾಟಿದ ಮನುಷ್ಯ, ಕಟ್ಟಡದ ಮೊದಲ ಗುದ್ದಲಿ ಬಿದ್ದಾಗಿನಿಂದ ಇಲ್ಲಿದ್ದಾರೆ.

“ಏನ್ ಮಾಡ್ಬೇಕು ಮೇಡಂ?”

“ಒಂದು ಗಂಟೆ ನಡೀಬೇಕು.”

“ಎಲ್ಲಿಗೆ?”

“ಆ ತುದಿಗೆ. ಮತ್ತೆ ಈ ತುದಿಗೆ.”

“ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಹಾಗಾಯ್ತು” ಅಂದರು ಮೇಸ್ತ್ರಿ. ಆದರೆ ಎಲ್ಲರಿಗಿಂತ ಮುಂದೆ ಅವರೇ ನಡೆದರು.

ಮೊದಲ ಹತ್ತು ನಿಮಿಷ ಮದುವೆ ಮನೆಯ ಗದ್ದಲ. ಒಬ್ಬ ರೋಗಿಯ ಹಾಗೆ ಸೊಂಟ ಹಿಡಿದು ನಡೆದ, ಇನ್ನೊಬ್ಬ ಅವನಿಗೆ ಗ್ಲೂಕೋಸ್ ಬಾಟಲಿಯ ಹಾಗೆ ನೀರಿನ ಬಾಟಲಿ ಎತ್ತಿ ಹಿಡಿದ. ನಾನು ನಡುವೆ ಮೀಟರ್ ಹಿಡಿದು ಕೂತೆ. ನಾವು ಬಿಟ್ಟ ಉಸಿರು ಗಾಳಿಯಲ್ಲಿ ಎಷ್ಟು ಉಳಿದಿದೆಯೆಂದು ಅದು ಹೇಳುತ್ತದೆ, ಸಾವಿರ ದಾಟಬಾರದು. ಹೊರಗೆ ನಾನೂರ ಇಪ್ಪತ್ತು. ಒಳಗೆ ಆರಂಭದಲ್ಲಿ ನಾನೂರ ಅರವತ್ತು. ಇಪ್ಪತ್ತು ನಿಮಿಷಕ್ಕೆ ಒಂಬೈನೂರು. ನಲವತ್ತಕ್ಕೆ ಸಾವಿರದ ಇನ್ನೂರು. ಗಂಟೆ ಮುಗಿಯುವಾಗ ಸಾವಿರದ ನಾನೂರ ಹತ್ತು, ಆರೂ ಕಿಟಕಿ ತೆರೆದಿದ್ದರೂ.

ಅಷ್ಟು ಹೊತ್ತಿಗೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಮಾತ್ರ. ನಾನು ಮೀಟರನ್ನು ಬಿಟ್ಟು ಅವರ ಎದೆಗಳನ್ನು ನೋಡತೊಡಗಿದೆ. ಒಬ್ಬೊಬ್ಬರದೂ ಏಳುತ್ತದೆ, ಇಳಿಯುತ್ತದೆ. ಮನುಷ್ಯ ದಿನಕ್ಕೆ ಇಪ್ಪತ್ತು ಸಾವಿರ ಸಲ ಉಸಿರಾಡುತ್ತಾನೆಂದು ಪಾಠದಲ್ಲಿ ಓದಿದ್ದೆ, ಹತ್ತಾರು ಸಭೆಗಳಲ್ಲಿ ಅದನ್ನೇ ಒಪ್ಪಿಸಿದ್ದೇನೆ. ಒಮ್ಮೆಯೂ ಕೂತು ನೋಡಿರಲಿಲ್ಲ. ಟೈಲ್ಸಿನವನು ಬಿಟ್ಟದ್ದನ್ನು ಬಣ್ಣದವನು ಎಳೆದುಕೊಳ್ಳುತ್ತಿದ್ದ, ಅವನು ಬಿಟ್ಟದ್ದನ್ನು ನಾನು. ಇಪ್ಪತ್ತೊಂದು ಜನ ಒಂದೇ ಗಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನನಗೆ ಅದರ ಸೋಜಿಗ ತಡೆಯಲಾಗಲಿಲ್ಲ, ಭಯವೂ ಆಯಿತು.

ಫೆಬ್ರವರಿ 12, ಬುಧವಾರ

ಆರ್ಕಿಟೆಕ್ಟ್ ಜೊತೆ ಜಗಳವಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಆತ ಮೆತ್ತಗೆ ನಿಯಮಪುಸ್ತಕ ತೆರೆದು ನನ್ನ ಮುಂದೆ ಇಟ್ಟ.

“ಮೇಡಂ, ಇದು ಕಾರಿಡಾರ್. ಕಾರಿಡಾರ್ ಅಂದ್ರೆ ಹಾದುಹೋಗೋ ಜಾಗ. ನಾಲ್ಕು ಬೇಕು, ಐದಿದೆ. ನೀವು ಸುಳ್ಳು ಬರೀಬೇಕಾಗಿಲ್ಲ. ಟಿಕ್ ಹಾಕಿದ್ರೆ ಸಾಕು.”

“ನಿಂತು ಉಸಿರಾಡೋ ಜಾಗ ಅಂತ ಬರೆದ್ರೆ?”

“ಎಂಟು ಬೇಕಾಗುತ್ತೆ. ಗೋಡೆ ಒಡೀಬೇಕು. ಉದ್ಘಾಟನೆ ಏಪ್ರಿಲ್‌ಗೆ ಹೋಗುತ್ತೆ.” ಪುಸ್ತಕ ಮುಚ್ಚಿ, “ಬೇಕಾದ್ರೆ ಫ್ಯಾನ್ ಹಾಕಿಸ್ತೀನಿ” ಅಂದ.

ಫ್ಯಾನು ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುವಿ ಹಾಕುತ್ತದೆ. ಅದು ಅವನಿಗೂ ಗೊತ್ತು.

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಟಿಕ್ ಹಾಕಿದರೆ ಇಪ್ಪತ್ತನಾಲ್ಕಕ್ಕೆ ಅಕ್ಕ ಒಳಗೆ ಹೋಗುತ್ತಾಳೆ. ತಡವಾದಷ್ಟೂ ಕಳೆದುಕೊಂಡ ಉಸಿರು ಮರಳಿ ಬರುವುದು ಕಷ್ಟ ಎಂದು ಅವಳ ಡಾಕ್ಟರು ಡಿಸೆಂಬರಿನಲ್ಲೇ ಹೇಳಿದ್ದಾರೆ. ಹಾಕದಿದ್ದರೆ ಏಪ್ರಿಲ್. ಹಾಕಿದರೆ, ದಿನಕ್ಕೆ ಎರಡು ಗಂಟೆ, ಸಾವಿರದ ನಾನೂರು. ಅತ್ತ ದರಿ ಇತ್ತ ಪುಲಿ.

ಫೆಬ್ರವರಿ 13, ಗುರುವಾರ

ಭಾವನ ಫೋನು. ಕೇಂದ್ರದಿಂದ ಯಾರೋ ಅವರಿಗೆ ತಡವಾಗಬಹುದೆಂದು ಹೇಳಿದ್ದಾರೆ.

“ಕಾರಣ ನೀನಂತೆ?”

“ಇನ್ನೂ ಏನೂ ಬರೆದಿಲ್ಲ ಭಾವ.”

“ಅವಳು ಬಟ್ಟೆ ಎಲ್ಲ ಜೋಡಿಸಿಟ್ಕೊಂಡಿದಾಳೆ. ಬಚ್ಚಲಿಗೆ ಹೋಗಿ ಬರೋಕೆ ಎರಡು ಸಲ ಕೂರ್ತಾಳೆ ಈಗ. ನಿನ್ನ ಒಂದು ಸಹಿಗೆ ಅಷ್ಟೊಂದು ಯೋಚನೆ ಮಾಡ್ಬೇಕಾ?”

ಭಾವ ಮೂವತ್ತೈದು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದವರಲ್ಲ. ಇವತ್ತೂ ಎತ್ತಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಫೆಬ್ರವರಿ 16, ಭಾನುವಾರ

ಅಕ್ಕನ ಮನೆಯಲ್ಲಿ ಇವತ್ತು ಮಧ್ಯಾಹ್ನವಿಡೀ ಇದ್ದೆ.

ಮನೆಯ ಮುಂದಿನ ಭಾಗ ಈಗಲೂ ಹಾಸಿಗೆ ಅಂಗಡಿ. ಹಿಂದಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಯಂತ್ರ, ಈಗ ನಿಂತಿದೆ. ಇಪ್ಪತ್ತೆಂಟು ವರ್ಷ ಅಕ್ಕ ಆ ಕೋಣೆಯಲ್ಲಿ ಹತ್ತಿ ಬಿಡಿಸಿ, ತುಂಬಿ, ಹೊಲಿದಳು. ಒಂದೇ ಒಂದು ಕಿಟಕಿ, ಅದಕ್ಕೆ ಮೊಳೆ ಹೊಡೆದಿದ್ದರು. ತೆರೆದರೆ ಹತ್ತಿ ಹಾರುತ್ತದಲ್ಲ. ನಾನು ಅಲ್ಲೇ ಬಾಗಿಲ ಬಳಿ ಕೂತು ಓದುತ್ತಿದ್ದೆ. ಕಾಲೇಜಿಗೆ ಹೋದೆ, ಗಾಳಿಯನ್ನೇ ಓದಿದೆ, ಕೆಲಸಕ್ಕೆ ಸೇರಿದೆ. ಜಗತ್ತಿನ ಕಾರಿಡಾರುಗಳನ್ನೆಲ್ಲ ಅಳೆದೆ. ಆ ಕೋಣೆಯೊಳಗೆ ಒಮ್ಮೆಯೂ ಮೀಟರ್ ಹಿಡಿದು ಹೋಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬುದು ನನಗೇ ಹೇಳಿದ ಮಾತು. ಅವಳ ಉಸಿರಿನ ಸದ್ದು ಕೇಳಲಾಗದೆ ಹತ್ತು ನಿಮಿಷಕ್ಕೆ ಎದ್ದು ಓಡುತ್ತಿದ್ದೆ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ, ಬರೆಯಲು ನಾಚಿಕೆಯಾಗುತ್ತಿದೆ.

ಅವಳಿಗೆ ಎಲ್ಲ ಹೇಳಿದೆ. ಕೆಂಪು ಟೇಪು, ಇಪ್ಪತ್ತು ಕೆಲಸಗಾರರು, ಸಾವಿರದ ನಾನೂರು. ನೀರಿನ ಬಾಟಲಿಯನ್ನು ಗ್ಲೂಕೋಸ್ ಮಾಡಿಕೊಂಡವನ ಕಥೆ ಕೇಳಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಬೆನ್ನು ಸವರಿದೆ.

ಆಮೇಲೆ ಅವಳು ಕೇಳಿದಳು. “ಒಂದು ಹೇಳು. ನನ್ನ ಹೆಸರು ಆ ಪಟ್ಟೀಲಿ ಇಲ್ದೇ ಇದ್ದಿದ್ರೆ ನೀನು ಏನ್ ಮಾಡ್ತಿದ್ದೆ?”

ಧೈರ್ಯವಾಗಿ ತಡೆಹಿಡಿಯುತ್ತಿದ್ದೆ ಎಂದು ಹೇಳಬಹುದಿತ್ತು. ಬಾಯಿಗೆ ಬಂದದ್ದು ನಿಜ.

“ಮೊದಲ ದಿನಾನೇ ಸಹಿ ಹಾಕಿ ಬಂದಿರ್ತಿದ್ದೆ ಅಕ್ಕ. ಆ ಟೇಪು ಯಾಕೆ ಅಂತಾನೂ ಕೇಳ್ತಿರ್ಲಿಲ್ಲ.”

ಅವಳು ತಲೆಯಾಡಿಸಿದಳು. ಒಂದು ಉಸಿರು, ಇನ್ನೊಂದು ಉಸಿರು.

“ಹಾಗಾದ್ರೆ ನನ್ನ ಹೆಸರು ಇದ್ದದ್ದು ಒಳ್ಳೇದೇ ಆಯ್ತು. ಮಿಕ್ಕ ಹತ್ತೊಂಬತ್ತು ಜನಕ್ಕೆ ತಂಗಿ ಇಲ್ವಲ್ಲ ಅಲ್ಲಿ.” ಮತ್ತೆ ಒಂದು ಉಸಿರು. “ನಿಮ್ಮ ಭಾವನಿಗೆ ನಾನು ಹೇಳ್ತೀನಿ. ಬಟ್ಟೆ ಬೀರುವಿಗೆ ವಾಪಸ್ ಇಡು ಬಾ.”

ಫೆಬ್ರವರಿ 17, ಸೋಮವಾರ

ವರದಿ ಬರೆದೆ. ‘ಹಾದುಹೋಗುವ ಜಾಗ’ ಎಂಬುದನ್ನು ಹೊಡೆದು ಹಾಕಿ, ‘ಜನ ನಿಂತು ಉಸಿರಾಡುವ ಜಾಗ’ ಎಂದು ಬರೆದೆ. ಮೂರು ವರ್ಷದ ಹಿಂದಿನ ಸಹಿ ನನ್ನ ತಪ್ಪು ಎಂದೂ ಬರೆದೆ. ಮೇಲಧಿಕಾರಿ ಎರಡು ಸಲ ಓದಿ, ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲ ತಪ್ಪಾ ಎಂದರು. ಒಪ್ಪಿಕೊಂಡದ್ದರಲ್ಲಿ ಮೊದಲನೆಯದು ಅಂದೆ.

ಫೆಬ್ರವರಿ 19, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಕಿಟಕಿಯಿಲ್ಲದ ಬದಿಯಲ್ಲಿ ಒಡೆಯಲು ಹೊರಗಿನ ಗೋಡೆಯೇ ಇಲ್ಲ, ಆ ಬದಿಗೆ ಎಲ್ಲ ಕೋಣೆಗಳು. ನಾನು, ಆರ್ಕಿಟೆಕ್ಟ್, ಮೇಸ್ತ್ರಿ ಮೂವರೂ ಕಾರಿಡಾರಿನ ನಡುವೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು. ಆರ್ಕಿಟೆಕ್ಟ್ ಎರಡು ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ನನ್ನ ಮೇಲೆ ಕೋಪವಿರಬೇಕು, ಆದರೂ ಬೆಳಿಗ್ಗೆ ನನಗೂ ಸೇರಿಸಿ ಟೀ ತಂದಿದ್ದ.

ಮೇಸ್ತ್ರಿ ಬೆಳಕಿನ ಬಾವಿಯ ಗಾಜನ್ನು ಬೆರಳಲ್ಲಿ ತಟ್ಟಿದರು. “ಈ ಗಾಜು ಕೂರಿಸೋಕೆ ಮುಂಚೆ ಇದ್ರೊಳಗೆ ಒಂದು ತಮಾಷೆ ಆಗ್ತಿತ್ತು. ಖಾಲಿ ಸಿಮೆಂಟ್ ಚೀಲದ ಕಾಗದ ಇರುತ್ತಲ್ಲ, ಹರಿದು ಬಿಟ್ರೆ ಕೆಳಗೆ ಬೀಳ್ತಿರ್ಲಿಲ್ಲ. ಮೇಲಕ್ಕೆ ಹೋಗ್ತಿತ್ತು. ಹುಡುಗರು ಊಟದ ಹೊತ್ತಲ್ಲಿ ಪಂದ್ಯ ಕಟ್ತಿದ್ರು, ಯಾರ ಕಾಗದ ಮೊದಲು ಮಾಳಿಗೆ ಮುಟ್ಟುತ್ತೆ ಅಂತ.”

ನಾನೂ ಆರ್ಕಿಟೆಕ್ಟೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾವಿಯ ತಲೆಯ ಮೇಲೆ ಗಾಜಿನ ಸೂರು, ಅದರ ಸುತ್ತ ತೆರೆದು ಮುಚ್ಚುವ ಕಿಂಡಿಗಳು. ಪಾರಿವಾಳಗಳು ಒಳಗೆ ಬರುತ್ತವೆಂದು ಗಾಜು ಕೂರಿಸುವಾಗ ಪ್ಲಾಸ್ಟಿಕ್ ಹೊದಿಸಿ ಅಂಟು ಹಾಕಿ ಮುಚ್ಚಿದ್ದರು. ನಕ್ಷೆಯಲ್ಲಿ ಅವು ಬರೀ ಬೆಳಕಿಗೆ.

ನಮ್ಮ ಮಹಡಿಯ ಗಾಜಿನ ಒಂದು ಹಲಗೆ ಬಿಚ್ಚಿಸಿದೆವು. ಮೇಸ್ತ್ರಿ ಮಾಳಿಗೆಗೆ ಹೋದರು. ಹನ್ನೊಂದು ಗಂಟೆ, ಚುರುಚುರು ಬಿಸಿಲು. ನಾನು ಕಾರಿಡಾರಿನ ನಡುವೆ ನಿಂತು ಹೊಗೆಕಡ್ಡಿ ಹಚ್ಚಿದೆ. ಎಳೆ ಎಂದಿನಂತೆ ನೆಟ್ಟಗೆ ಎದ್ದು ನಿಂತಿತು. ಫೋನಿನಲ್ಲಿ ಮೇಸ್ತ್ರಿ, “ಕುಯ್ತಿದೀನಿ” ಅಂದರು. ಮೇಲಿಂದ ಪ್ಲಾಸ್ಟಿಕ್ ಹರಿಯುವ ಸದ್ದು ಸಣ್ಣಗೆ ಕೇಳಿಸಿತು.

ಎಳೆ ಬಾಗಿತು.

ಮೊದಲು ತುದಿ ಮಾತ್ರ. ಆಮೇಲೆ ಇಡೀ ಎಳೆ ಮಲಗಿತು, ನೂಲಿನಷ್ಟು ತೆಳ್ಳಗಾಯಿತು, ನನ್ನ ಮುಂಗೈ ದಾಟಿ, ಆರ್ಕಿಟೆಕ್ಟ್‌ನ ಭುಜ ದಾಟಿ, ಬಿಚ್ಚಿದ ಗಾಜಿನ ಕಡೆ ಹೊರಟಿತು. ಅಲ್ಲಿ ಬಾವಿಯೊಳಗೆ ನುಗ್ಗಿ ಮೇಲಕ್ಕೆ ತಿರುಗಿ ಹೋಯಿತು. ಇನ್ನೊಂದು ಕಡ್ಡಿ ಹಚ್ಚಿದೆ, ಅದೂ ಹೊರಟಿತು. ಕಿಟಕಿಯ ಹತ್ತಿರ ಹೋಗಿ ಹಚ್ಚಿದೆ, ಅಲ್ಲಿಂದಲೂ ಹೊರಟಿತು. ಎಲ್ಲೂ ಮೋಟಾರಿಲ್ಲ, ತಂತಿಯಿಲ್ಲ, ಗುಂಡಿಯಿಲ್ಲ. ಸೂರಿನ ಗಾಜು ಬಿಸಿಯಾಗಿತ್ತು, ಅಷ್ಟೇ. ಬಿಸಿಯಾದ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಕೆಳಗಿನದು ಬರುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಈ ಕಟ್ಟಡಕ್ಕೆ ಉಸಿರಾಡಲು ಮೊದಲಿನಿಂದ ಬರುತ್ತಿತ್ತು, ನಾವು ಅದರ ಮೂಗು ಮುಚ್ಚಿ ಹಿಡಿದಿದ್ದೆವು.

ಆರ್ಕಿಟೆಕ್ಟ್ ಗೋಡೆಗೆ ಒರಗಿ ನಿಂತು ಹೊಗೆ ಹೋಗುವುದನ್ನೇ ನೋಡುತ್ತಿದ್ದ. “ಇನ್ನೊಂದು ಸಲ ಹಚ್ಚಿ ಮೇಡಂ” ಅಂದ. ಆಮೇಲೆ ಮತ್ತೊಂದು ಸಲ. ಡಬ್ಬಿಯಲ್ಲಿದ್ದ ಹನ್ನೆರಡೂ ಕಡ್ಡಿ ಮುಗಿದವು. ಒಂದು ತಿಂಗಳಿಗೆ ಸಾಲಬೇಕಾದವು.

ಮಾರ್ಚ್ 2, ಭಾನುವಾರ

ಮಾಡಬೇಕಾದದ್ದು ಗೊತ್ತಾಯಿತೆಂದ ಮಾತ್ರಕ್ಕೆ ಆಗಿಬಿಡುವುದಿಲ್ಲ. ಗಾಜಿನ ಬದಲು ತಗಡಿನ ಪಟ್ಟಿಗಳ ಜಾಲರಿ ಬರಬೇಕು. ಬೆಂಕಿ ಬಿದ್ದರೆ ಹೊಗೆ ಮಹಡಿಯಿಂದ ಮಹಡಿಗೆ ಹರಡಬಾರದಲ್ಲ, ಅದಕ್ಕಾಗಿ ತಾವಾಗಿಯೇ ಮುಚ್ಚಿಕೊಳ್ಳುವ ಪಟ್ಟಿಗಳು. ಅಗ್ನಿಶಾಮಕದವರ ಒಪ್ಪಿಗೆ ಬೇಕು. ಉದ್ಘಾಟನೆ ಏಪ್ರಿಲ್ ಏಳಕ್ಕೆ ಹೋಯಿತು.

ಅಕ್ಕನಿಗೆ ಹೊಗೆಯ ಕಥೆ ಹೇಳಿದೆ, ಮೂರನೇ ಸಲ. ಎರಡನೇ ಸಲಕ್ಕಿಂತ ಈ ಸಲ ಹೊಗೆ ಜೋರಾಗಿ ಹೋಯಿತಲ್ಲ ಅಂದಳು.

ಮಾರ್ಚ್ 9, ಭಾನುವಾರ

ಅಕ್ಕ ಆಸ್ಪತ್ರೆಯಲ್ಲಿ. ನಿನ್ನೆ ಬೆಳಿಗ್ಗೆ ಉಸಿರು ಸಿಗಲಿಲ್ಲ. ಸೋಂಕು ಅಂತೆ. ಮೂಗಿಗೆ ನಳಿಗೆ ಹಾಕಿದ್ದಾರೆ.

ಇಪ್ಪತ್ತನಾಲ್ಕಕ್ಕೆ ಕೇಂದ್ರಕ್ಕೆ ಸೇರಿದ್ದರೆ ಹೀಗಾಗುತ್ತಿರಲಿಲ್ಲವೇನೋ. ಆಗುತ್ತಿತ್ತೇನೋ. ಯಾವ ಮೀಟರಿನಲ್ಲೂ ಇದು ಕಾಣುವುದಿಲ್ಲ.

ಮಾರ್ಚ್ 11, ಮಂಗಳವಾರ

ನಿಮಿಷಕ್ಕೆ ಮೂವತ್ತೆರಡು ಉಸಿರು.

ಮಾರ್ಚ್ 13, ಗುರುವಾರ

ಇಪ್ಪತ್ತೊಂಬತ್ತು. ಸಂಜೆ ಇಪ್ಪತ್ತೆಂಟು.

ಮಾರ್ಚ್ 15, ಶನಿವಾರ

ಇಪ್ಪತ್ತನಾಲ್ಕು. ನಾನು ಹಾಸಿಗೆಯ ಒಂದು ಬದಿ, ಭಾವ ಇನ್ನೊಂದು ಬದಿ. ಅವಳು ನಿದ್ದೆ ಮಾಡುತ್ತಿದ್ದಳು. ಭಾವ ನನ್ನ ಕೈಗೆ ಅರ್ಧ ಬಾಳೆಹಣ್ಣು ಕೊಟ್ಟರು. “ನಾನು ಆ ಕಿಟಕಿಗೆ ಮೊಳೆ ಹೊಡೆದವನು” ಅಂದರು.

“ನಾನು ಅದನ್ನ ನೋಡ್ಕೊಂಡು ಕೂತಿದ್ದೋಳು ಭಾವ” ಅಂದೆ.

ಅವಳ ಎದೆ ಏಳುವುದನ್ನು ನೋಡುತ್ತಾ ಕೂತೆವು. ಪ್ರತಿಯೊಂದು ಉಸಿರೂ ಎಲ್ಲಿಂದಲೋ ದೂರದಿಂದ ನಡೆದು ಬರುತ್ತಿತ್ತು. ಒಳಗೆ ಅಷ್ಟು ಕಿರಿದಾದ ದಾರಿಗಳು, ಅರ್ಧ ಮುಚ್ಚಿಹೋದವು, ಆದರೂ ಗಾಳಿ ಹೇಗೋ ಸಂದು ಹುಡುಕಿಕೊಂಡು ಹೋಗಿ ತಿರುಗಿ ಬರುತ್ತಿತ್ತು. ನಾನು ಇಷ್ಟು ವರ್ಷ ಅಳೆದ ಕಟ್ಟಡಗಳಲ್ಲೆಲ್ಲ ಇಂಥ ಕೆಲಸ ನೋಡಿಲ್ಲ. ನಾಲ್ಕು ಗಂಟೆ ಕಳೆದದ್ದು ತಿಳಿಯಲಿಲ್ಲ.

ಮಾರ್ಚ್ 20, ಗುರುವಾರ

ಮನೆಗೆ ಕರೆತಂದೆವು. ಕೇಂದ್ರದ ಫಿಸಿಯೋ ಬಂದು ನೋಡಿ ಹೋದಳು. ನನ್ನನ್ನು ಪಕ್ಕಕ್ಕೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದಳು. “ಜನವರೀಲಿ ನೋಡಿದಾಗ ನೂರ ನಲವತ್ತು ಮೀಟರ್ ನಡೆದಿದ್ರು. ಈಗ ಅಷ್ಟು ಆಗಲ್ಲ. ಮೊದಲಿಂದ ಶುರು ಮಾಡ್ಬೇಕು.”

ಆ ನಷ್ಟ ನನ್ನ ಲೆಕ್ಕಕ್ಕೆ. ಅದನ್ನು ಬೇರೆ ಯಾರ ತಲೆಗೂ ಕಟ್ಟಲಾರೆ.

ಮಾರ್ಚ್ 28, ಶುಕ್ರವಾರ

ಜಾಲರಿ ಕೂರಿಸಿಯಾಯಿತು. ಮೇಲಿನ ಕಿಂಡಿಗಳಿಗೆ ಪಾರಿವಾಳ ನುಗ್ಗದ ಹಾಗೆ ಬಲೆ ಹಾಕಿದ್ದಾರೆ. ಅದೇ ಇಪ್ಪತ್ತು ಜನರನ್ನು ಮತ್ತೆ ನಡೆಸಿದೆವು, ಬೇರೆ ಕೆಲಸಕ್ಕೆ ಹೋಗಿದ್ದ ಇಬ್ಬರು ರಜೆ ಹಾಕಿ ಬಂದರು. ನಮ್ಮ ಆರ್ಕಿಟೆಕ್ಟೂ ಪ್ಯಾಂಟು ಮಡಿಸಿಕೊಂಡು ನಡೆದ. ಗಂಟೆ ಮುಗಿದಾಗ ಆರುನೂರ ನಲವತ್ತು. ಯಾರೂ ಸುಸ್ತಾಗಿರಲಿಲ್ಲ, ಕೊನೆಯವರೆಗೂ ಹರಟೆ ಹೊಡೆಯುತ್ತಿದ್ದರು. ಅದನ್ನೇ ಕೇಳುತ್ತ ಕೂತಿದ್ದೆ, ಗಂಟೆಯಾಯಿತೆಂದು ಮೇಸ್ತ್ರಿ ಹೇಳಬೇಕಾಯಿತು.

ಸಹಿ ಹಾಕಿದೆ. ಆಮೇಲೆ ನಾನು, ಆರ್ಕಿಟೆಕ್ಟ್, ಮೇಸ್ತ್ರಿ ಮೂವರೂ ಸುಮ್ಮನೆ ಜಾಲರಿಯ ಮುಂದೆ ನಿಂತಿದ್ದೆವು, ನೋಡಲು ಏನೂ ಇಲ್ಲದಿದ್ದರೂ.

ಏಪ್ರಿಲ್ 8, ಮಂಗಳವಾರ

ನಿನ್ನೆ ಉದ್ಘಾಟನೆ. ಭಾಷಣದಲ್ಲಿ ಬೆಳಕಿನ ಬಗ್ಗೆ, ಬಣ್ಣದ ಬಗ್ಗೆ, ಅಂಗಳದ ಗಿಡಗಳ ಬಗ್ಗೆ ಮಾತು ಬಂತು. ಗಾಳಿಯ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ಸಮಾಧಾನವಾಯಿತು.

ಇವತ್ತು ಅಕ್ಕನ ಮೊದಲ ನಡಿಗೆ, ಆರು ನಿಮಿಷ. ಪಕ್ಕದಲ್ಲಿ ನಡೆಯಬಾರದು, ಹುರಿದುಂಬಿಸಬಾರದು, ಮಾತಾಡಿಸಬಾರದು ಎಂದು ಫಿಸಿಯೋ ನನಗೆ ಮೂರು ಸಲ ಹೇಳಿದಳು. ಹೂಂ ಎಂದು ಕಾರಿಡಾರಿನ ನಡುವೆ, ಜಾಲರಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಬೇರೆ ರೋಗಿಗಳು ಗೋಡೆಯುದ್ದಕ್ಕೂ ತಮ್ಮ ಸರದಿಗೆ ಕಾಯುತ್ತಿದ್ದರು. ಹನ್ನೊಂದು ಗಂಟೆ, ಒಳ್ಳೆ ಬಿಸಿಲು.

ಅಕ್ಕ ಹೊರಟಳು. ಬೆನ್ನು ಸ್ವಲ್ಪ ಬಾಗಿದೆ, ಬಲಗೈ ಗೋಡೆಯ ಸರಳಿನ ಮೇಲೆ. ಆ ತುದಿ ಮುಟ್ಟಿ ಒಂದು ಸಲ ನಿಂತಳು. ಮತ್ತೆ ಹೊರಟಳು, ನನ್ನ ಮುಂದೆ ಹಾದು ಹೋದಳು, ನನ್ನ ಕಡೆ ನೋಡಲಿಲ್ಲ. ಶಾಲೆಗೆ ಹೋಗುವಾಗ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆಯುತ್ತಿದ್ದವಳು. ಎರಡು ಉದ್ದ ಮುಗಿಯಿತು, ಅರವತ್ತು ಮೀಟರ್. ಮೂರನೆಯದರ ಅರ್ಧಕ್ಕೆ ಬಂದು, ಸರಿಯಾಗಿ ನನ್ನ ಮುಂದೆ, ನಿಂತುಬಿಟ್ಟಳು.

ಉಸಿರು ಹಿಡಿತಕ್ಕೆ ಬರುವವರೆಗೆ ಕಾದು, ಸುತ್ತ ನೋಡಿದಳು. ಬಿಳಿ ಗೋಡೆ, ಕಿಟಕಿ, ಕುರ್ಚಿಗಳು.

“ಎರಡು ತಿಂಗಳು ಇಲ್ಲಿ ಏನ್ ಮಾಡ್ದೆ ನೀನು? ಎಲ್ಲಿದೆ ಅದು?”

ಮಾತಾಡಬಾರದೆಂಬ ನಿಯಮ ನೆನಪಿತ್ತು. ಎದ್ದು ಅವಳ ಎಡಗೈ ತೆಗೆದುಕೊಂಡು ಜಾಲರಿಯ ಹತ್ತಿರ ಹಿಡಿದೆ. ಮೊದಲು ಅವಳಿಗೆ ತಿಳಿಯಲಿಲ್ಲ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಅಗಲಿಸಿದಳು. ಅವಳ ಸೆರಗಿನ ಅಂಚು ಜಾಲರಿಯ ಕಡೆಗೆ ಸಣ್ಣಗೆ ವಾಲಿತು.

“ನಾನು ಬಿಟ್ಟದ್ದೂ ಹೋಗ್ತಿದೆಯಾ ಇದ್ರಲ್ಲಿ?” ಅಂದಳು.

“ನೀನು ಬಿಟ್ಟದ್ದೂ ಹೋಗ್ತಿದೆ.”

“ಸಮಯ ಹೋಗ್ತಿದೆ ಅಮ್ಮಾ” ಎಂದಳು ಫಿಸಿಯೋ ತುದಿಯಿಂದ, ಗಡಿಯಾರ ನೋಡುತ್ತ.

“ಹೋಗ್ಲಿ ಬಿಡಿ” ಅಂದಳು ಅಕ್ಕ.

ಕೈ ಅಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದಳು. ನಿಧಾನವಾಗಿ ಬಿಟ್ಟಳು. ಇನ್ನೊಂದು ಎಳೆದಳು. ಆಮೇಲೆ ಕೈ ಇಳಿಸಿ, ಉಳಿದ ಹೊತ್ತಿನಲ್ಲಿ ಇನ್ನೂ ಇಪ್ಪತ್ತೊಂದು ಮೀಟರ್ ನಡೆದಳು.